ಶಾಲೆಗಳಲ್ಲಿ ಮೈಂಡ್‌ಫುಲ್‌ನೆಸ್

ಉಸಿರಾಟ, ಮೈಯ ಸಂವೇದನೆ, ಮನಸ್ಸಿನಲ್ಲಿ ಸುಳಿದುಹೋಗುವ ಯೋಚನೆ ಇವನ್ನು ಒಳ್ಳೆಯದು ಕೆಟ್ಟದ್ದೆಂದು ತೂಗದೆ ಗಮನಿಸಲು ಮಕ್ಕಳಿಗೆ ತರಗತಿಯಲ್ಲೇ ಕಲಿಸುವ ಕಾರ್ಯಕ್ರಮ. ಇದರ ಬೇರು ಬೌದ್ಧ ಧ್ಯಾನಪದ್ಧತಿಯಲ್ಲಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬಾಟ್-ಜಿನ್ 1979ರಲ್ಲಿ ಆರಂಭಿಸಿದ ಎಂಟು ವಾರಗಳ ತರಬೇತಿ ಅನೇಕ ಶಾಲಾ ಪಠ್ಯಗಳಿಗೆ ಮಾದರಿಯಾಯಿತು.

ಬ್ರಿಟನ್ನಿನ ‘ಮೈಂಡ್‌ಫುಲ್‌ನೆಸ್ ಇನ್ ಸ್ಕೂಲ್ಸ್ ಪ್ರಾಜೆಕ್ಟ್’ 2009ರಲ್ಲಿ ಹುಟ್ಟಿತು. ಹದಿಹರೆಯದವರಿಗೆಂದು ಅದು ರೂಪಿಸಿದ ‘ಡಾಟ್ ಬಿ’ ಪಾಠಗಳಲ್ಲಿ ಕಣ್ಣುಮುಚ್ಚಿ ಗಂಟೆಗಟ್ಟಲೆ ಕೂರುವುದಿಲ್ಲ. ಕುರ್ಚಿಯ ಮೇಲೆ ಕುಳಿತ ವಿದ್ಯಾರ್ಥಿ ಮೊದಲು ಪಾದ ನೆಲಕ್ಕೆ ತಾಗಿರುವುದನ್ನು, ಆಮೇಲೆ ಮೈಭಾರ ಕುರ್ಚಿಯ ಮೇಲೆ ಬಿದ್ದಿರುವುದನ್ನು ಗಮನಿಸುತ್ತಾನೆ. ಪರೀಕ್ಷೆಯ ದಿಗಿಲಿನಲ್ಲೂ ಪಕ್ಕದವರಿಗೆ ತಿಳಿಯದಂತೆ ಇದನ್ನು ಮಾಡಬಹುದು.

ಈ ಪಠ್ಯವನ್ನು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ನೇತೃತ್ವದ ‘ಮಿರಿಯಡ್’ ಅಧ್ಯಯನ 85 ಶಾಲೆಗಳ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳಲ್ಲಿ ಪರೀಕ್ಷಿಸಿತು. 2022ರಲ್ಲಿ ಬಂದ ಫಲಿತಾಂಶ ನಿರೀಕ್ಷೆಯನ್ನು ಹುಸಿಮಾಡಿತು. ಖಿನ್ನತೆಯ ಅಪಾಯವನ್ನು ತಗ್ಗಿಸುವುದರಲ್ಲಿ ಶಾಲೆಗಳು ಮೊದಲಿನಿಂದ ಕೊಡುತ್ತಿದ್ದ ಸಾಮಾಜಿಕ-ಭಾವನಾತ್ಮಕ ಶಿಕ್ಷಣಕ್ಕಿಂತ ಇದು ಮೇಲೆಂದು ಸಾಬೀತಾಗಲಿಲ್ಲ. ಬಹುಪಾಲು ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ. ಆದರೆ ಕಲಿಸುವ ಮೊದಲು ಎಂಟು ಅವಧಿಗಳ ತರಬೇತಿ ಪಡೆದ ಶಿಕ್ಷಕರ ಬಳಲಿಕೆ ಕೆಲಕಾಲವಾದರೂ ಇಳಿಯಿತು, ಶಾಲೆಯ ವಾತಾವರಣವೂ ಸ್ವಲ್ಪ ಸುಧಾರಿಸಿತು. ಈ ಅಧ್ಯಯನದ ಅತ್ಯಂತ ಬೆಲೆಯುಳ್ಳ ಪಾಠ ಇದೇ: ಶಿಕ್ಷಕರಿಗೆ ಮಾಡಿದ ಖರ್ಚು ದಂಡವಲ್ಲ. ಎಲ್ಲ ಮಕ್ಕಳಿಗೂ ಒಂದೇ ಪಾಠವನ್ನು ಹೇರುವ ಬದಲು ಅವರನ್ನೂ ಸೇರಿಸಿಕೊಂಡು ಪಾಠ ಹೆಣೆಯುವುದು ಲೇಸೆಂದು ಸಂಶೋಧಕರು ಸೂಚಿಸಿದರು.

ಭಾರತದಲ್ಲಿ ದೊಡ್ಡ ಪ್ರಯೋಗ ದೆಹಲಿಯದು. 2018ರ ಜುಲೈನಲ್ಲಿ ದಲೈ ಲಾಮಾ ಅವರ ಸಮ್ಮುಖದಲ್ಲಿ ಆರಂಭವಾದ ‘ಹ್ಯಾಪಿನೆಸ್ ಪಠ್ಯಕ್ರಮ’ ಸರ್ಕಾರಿ ಶಾಲೆಗಳ ನರ್ಸರಿಯಿಂದ 8ನೇ ತರಗತಿಯವರೆಗಿನ ಮಕ್ಕಳನ್ನು ತಲುಪಿತು. ಪೀರಿಯಡ್ಡು ಉಸಿರನ್ನೋ ಸುತ್ತಲಿನ ಸದ್ದುಗಳನ್ನೋ ಗಮನಿಸುವುದರಿಂದ ಶುರುವಾಗಿ, ಕಥೆ, ಚಟುವಟಿಕೆ, ಮಾತುಕತೆಗೆ ಹೊರಳುತ್ತಿತ್ತು. ಇದಕ್ಕೆ ಅಂಕವಿರಲಿಲ್ಲ, ಪರೀಕ್ಷೆಯೂ ಇರಲಿಲ್ಲ. ಮಕ್ಕಳ ಮಟ್ಟಿಗೆ ಇದು ಸಣ್ಣ ಬಿಡುಗಡೆಯಾಗಿರಲಿಲ್ಲ.

ಕರ್ನಾಟಕದಲ್ಲಿ 2022ರ ನವೆಂಬರ್‌ನಲ್ಲಿ ಆಗಿನ ಶಿಕ್ಷಣ ಸಚಿವ ಬಿ.ಸಿ. ನಾಗೇಶ್ ಶಾಲೆ ಮತ್ತು ಪಿಯು ಕಾಲೇಜುಗಳಲ್ಲಿ ದಿನವೂ 10 ನಿಮಿಷ ಧ್ಯಾನ ಮಾಡಿಸಲು ಸೂಚಿಸಿದಾಗ ಪರ-ವಿರೋಧದ ಚರ್ಚೆ ಎದ್ದಿತು. ಯಾವ ಮಗುವನ್ನೂ ಒತ್ತಾಯಿಸದಿರುವುದು, ಕಣ್ಣು ಮುಚ್ಚಿದೊಡನೆ ಕಹಿ ನೆನಪುಗಳಿಂದ ಕಂಗಾಲಾಗುವ ಮಗುವಿಗೆ ಕಣ್ಣು ತೆರೆದಿರಲು, ಎದ್ದುಹೋಗಲು ಅವಕಾಶ ಕೊಡುವುದು ಇಂಥ ಯಾವುದೇ ತರಗತಿಗೆ ಅತ್ಯಗತ್ಯ.