ಸಫಾರಿಗೆ ಹೊರಟವರು

ನಮ್ಮ ಊಟದ ಮೇಜಿನ ಮೇಲೆ ಒಂದು ತಿಂಗಳಿಂದ ಆಫ್ರಿಕಾ ಹರಡಿಕೊಂಡಿದೆ. ಟಾಂಜಾನಿಯಾದ ಸೆರೆಂಗೆಟಿಗೆ ಹೋಗಬೇಕೆಂದು ಸೊಸೆ ಹಟ ಹಿಡಿದಿದ್ದಾಳೆ. ಲಕ್ಷಗಟ್ಟಲೆ ವಿಲ್ಡೆಬೀಸ್ಟ್‌ಗಳು ಮಾರಾ ನದಿ ದಾಟುವುದು ಜುಲೈನಿಂದ ಅಕ್ಟೋಬರ್ ಒಳಗಂತೆ. ಕಾಫಿ ಕೊಯ್ಲಿಗೆ ಮೊದಲೇ ವಾಪಸು ಬಂದುಬಿಡಬಹುದೆಂದು ನನ್ನ ಮಗನೂ ತಲೆದೂಗಿದ. ಹಳದಿ ಜ್ವರದ ಚುಚ್ಚುಮದ್ದನ್ನು ಕನಿಷ್ಠ ಹತ್ತು ದಿನ ಮೊದಲೇ ಹಾಕಿಸಿಕೊಳ್ಳಬೇಕು, ಮಣ್ಣಿನ ಬಣ್ಣದ ಬಟ್ಟೆ ಹೊಲಿಸಬೇಕು, ದುರ್ಬೀನು ಕೊಳ್ಳಬೇಕು. ಪಟ್ಟಿ ಬೆಳೆಯುತ್ತಲೇ ಇದೆ.

ನಮ್ಮ ತೋಟದ ಲೈನಿನಲ್ಲಿ ಒಬ್ಬ ಅಜ್ಜಿ ಇದ್ದಾರೆ. ಮೆಣಸು ಬಿಡಿಸಲು ಬಂದವರು ಆ ಪುಸ್ತಕದ ಚಿತ್ರಗಳನ್ನೆಲ್ಲ ನೋಡಿ ನನ್ನನ್ನು ಕೇಳಿದರು: "ಅಲ್ಲ ಅಮ್ಮಾ, ಇಷ್ಟು ದೊಡ್ಡ ಬಯಲಲ್ಲಿ ಒಂದು ಮನೆನೂ ಇಲ್ವಲ್ಲ, ಇಲ್ಲಿದ್ದ ಜನ ಎಲ್ಲಿಗೆ ಹೋದ್ರು?"

ಸೊಸೆ ನಕ್ಕಳು. ನನಗೆ ನಗು ಬರಲಿಲ್ಲ. ಅಜ್ಜಿಯ ತವರು ಜಾಗರ ಕಣಿವೆ.

ಸಫಾರಿ ಎಂದರೆ ಸ್ವಾಹಿಲಿಯಲ್ಲಿ ಪ್ರಯಾಣ. ಅರಬ್ಬೀ ಮೂಲದ ಮಾತು, ಹಿಂದಿ ಸಿನಿಮಾ ಹಾಡುಗಳಲ್ಲಿ ಬರುವ ಸಫರ್‌ನ ನೆಂಟ. ಆದರೆ ಆ ಪದಕ್ಕೆ ಬೇಗನೆ ಕೋವಿಯ ವಾಸನೆ ಹತ್ತಿತು. ಅಮೆರಿಕದ ಅಧ್ಯಕ್ಷ ಪದವಿ ಬಿಟ್ಟ ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಮಗನನ್ನು ಕರೆದುಕೊಂಡು ಪೂರ್ವ ಆಫ್ರಿಕಾಕ್ಕೆ ಹೋಗಿ, ಮ್ಯೂಸಿಯಮ್ಮಿಗೆಂದು ಅಪ್ಪ ಮಗ ಸೇರಿ ಐನೂರಕ್ಕೂ ಹೆಚ್ಚು ಪ್ರಾಣಿಗಳನ್ನು ಹೊಡೆದರು. ನಮ್ಮ ಕಡೆಯೇನೂ ಕಡಿಮೆಯಿರಲಿಲ್ಲ. ಈ ಸೀಮೆಯ ಬಿಳಿಯ ಪ್ಲಾಂಟರ್ ರಾಬರ್ಟ್ ಎಲಿಯಟ್ 1894ರಲ್ಲಿ ಅಚ್ಚು ಹಾಕಿಸಿದ ಪುಸ್ತಕದ ಹೆಸರೇ ಗೋಲ್ಡ್, ಸ್ಪೋರ್ಟ್ ಅಂಡ್ ಕಾಫಿ ಪ್ಲಾಂಟಿಂಗ್ ಇನ್ ಮೈಸೂರ್. ಚಿನ್ನಕ್ಕೂ ಕಾಫಿಗೂ ನಡುವೆ ಬೇಟೆ! ದೊರೆಗಳು ಹೋದರು, ಚಟ ಉಳಿಯಿತು. ನಾನು ಮದುವೆಯಾಗಿ ಬಂದಾಗಲೂ ಈ ಮನೆಯ ಗೋಡೆಯ ಮೇಲೆ ಕಡವೆಯ ಕೊಂಬುಗಳಿದ್ದವು. ಮಾವ ಮರಸಿಗೆ ಕೂರುತ್ತಿದ್ದ ಕಥೆಗಳಿದ್ದವು. ಹಳು ಸೋಯಲು ಲೈನಿನ ಗಂಡಾಳುಗಳು. ಈಡಾದ ಮೇಲೆ ಬೆಳಗಿನ ಜಾವದವರೆಗೂ ಮಸಾಲೆ ಅರೆಯುವವರು ನಮ್ಮಂಥ ಹೆಂಗಸರು. ಆ ಕಥೆಗಳಲ್ಲಿ ಅರೆದವರ ಹೆಸರು ಬಂದದ್ದು ನಾನು ಕೇಳಿಲ್ಲ. 1972ರ ವನ್ಯಜೀವಿ ಕಾಯ್ದೆ ಬಂದು ಕೋವಿಗಳು ಬೀರು ಸೇರಿದವು.

ಸೊಸೆಯ ಪುಸ್ತಕ ತಿರುವುವಾಗ ಒಂದು ಇಸವಿ ನನ್ನನ್ನು ಹಿಡಿದು ನಿಲ್ಲಿಸಿತು. ಸೆರೆಂಗೆಟಿ ರಾಷ್ಟ್ರೀಯ ಉದ್ಯಾನವಾದದ್ದು 1951ರಲ್ಲಿ. ಅದೇ 1951ರಲ್ಲಿ ಮೈಸೂರು ಸರ್ಕಾರ ನಮ್ಮ ಜಾಗರ ಕಣಿವೆಯ ಸುಮಾರು 77 ಚದರ ಕಿಲೋಮೀಟರ್ ಕಾಡನ್ನು ಅಭಯಾರಣ್ಯ ಮಾಡಿತು. 1974ರಲ್ಲಿ ಲಕ್ಕವಳ್ಳಿಯ ಕಾಡುಗಳೂ ಸೇರಿ ಅದು ಸುಮಾರು 500 ಚದರ ಕಿಲೋಮೀಟರಿನ ಭದ್ರಾ ಅಭಯಾರಣ್ಯವಾಯಿತು. 1998ರಲ್ಲಿ ಹುಲಿ ಯೋಜನೆಗೂ ಸೇರಿತು. ಸೆರೆಂಗೆಟಿಯಲ್ಲಿ ದನ ಕಾಯುತ್ತಿದ್ದ ಮಾಸಾಯಿಗಳನ್ನು 1959ರಲ್ಲಿ ಹೊರಗೆ ಕಳಿಸಿ, ಪಕ್ಕದ ಗೊರೊಂಗೊರೊದಲ್ಲಿ ಇರಿ ಎಂದರು. ಅಜ್ಜಿಯ ಪ್ರಶ್ನೆಗೆ ಉತ್ತರ ಅದು. ನಮ್ಮಲ್ಲಿ ಹಿಪ್ಲ ಮೊದಲಾದ ಹಳ್ಳಿಗಳ ನಾನೂರಕ್ಕೂ ಮಿಕ್ಕಿದ ಸಂಸಾರಗಳು ಗಂಟುಮೂಟೆ ಕಟ್ಟಿದ್ದು 2001-02ರ ಸುಮಾರಿಗೆ.

ಒಂದು ಸಂಗತಿಯಂತೂ ಎರಡು ಕಾಡುಗಳನ್ನೂ ಒಂದೇ ದಾರದಲ್ಲಿ ಹೊಲಿದಂತಿದೆ. ದನಗಳ ದೊಡ್ಡ ರೋಗ 1890ರ ದಶಕದಲ್ಲಿ ಪೂರ್ವ ಆಫ್ರಿಕಾವನ್ನು ಹೊಕ್ಕು, ಮಾಸಾಯಿಗಳ ಹಟ್ಟಿಗಳನ್ನು ಬರಿದು ಮಾಡಿ ವಿಲ್ಡೆಬೀಸ್ಟ್‌ಗಳನ್ನೂ ನುಂಗಿತ್ತು. ದನಗಳಿಗೆ ಲಸಿಕೆ ಹಾಕಿ ರೋಗ ನಿಂತ ಮೇಲೆ, 1960ರ ದಶಕದಿಂದ ಅವುಗಳ ಸಂತಾನ ಏರಿತು. ಸೊಸೆ ನೋಡಹೊರಟಿರುವ ಆ ಜಾತ್ರೆ ಹಾಗೆ ಬೆಳೆದದ್ದು. ಅದೇ ದೊಡ್ಡ ರೋಗ 1989ರ ಹೊತ್ತಿಗೆ ಭದ್ರಾದ ಕಾಟಿಗಳಿಗೂ ತಗುಲಿ, ಕಾಡಿನಲ್ಲಿ ಕಾಟಿ ಕಾಣುವುದೇ ಅಪರೂಪವಾಯಿತು. 2011ರಲ್ಲಿ ಆ ರೋಗವೇ ಭೂಮಿಯಿಂದ ಅಳಿಯಿತೆಂದು ಘೋಷಿಸಿದರು.

ಊರು ಬಿಟ್ಟವರ ಬಗ್ಗೆ ಕಣ್ಣೀರಿನ ಕಥೆಯನ್ನಷ್ಟೇ ಹೇಳಿದರೆ ನಾನು ಸುಳ್ಳಿಯಾಗುತ್ತೇನೆ. ಆನೆಗಳು ಗದ್ದೆ ತುಳಿಯುತ್ತಿದ್ದವು. ಮಳೆಗಾಲದಲ್ಲಿ ಬಸುರಿಯನ್ನು ಕಂಬಳಿಯಲ್ಲಿ ಹೊತ್ತು ಹಳ್ಳ ದಾಟಿಸಿದ್ದನ್ನು ಅಜ್ಜಿಯೇ ಹೇಳಿದ್ದಾರೆ. ಬೇರೆ ಕಡೆ ಜಾಗ ಕೊಡಿ ಎಂದು ಕೇಳಿದವರಲ್ಲಿ ಊರಿನವರೂ ಇದ್ದರು. ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ ಜಮೀನು ಸಿಕ್ಕವರಲ್ಲಿ ಅಜ್ಜಿಯ ಅಣ್ಣಂದಿರೂ ಇದ್ದಾರೆ. ಮಕ್ಕಳು ಶಾಲೆಯ ಮೆಟ್ಟಿಲು ಹತ್ತಿದರು. ದೇಶದಲ್ಲಿ ಹೀಗೆ ಎಬ್ಬಿಸಿದ ಕಡೆಗಳಲ್ಲೆಲ್ಲ ಇದು ವಾಸಿ ಎಂದು ತಿಳಿದವರು ಬರೆದಿದ್ದಾರೆ. ಆದರೆ ಜಮೀನಿನ ಲೆಕ್ಕ ಹಾಕುವಾಗ, ಊರಿನಿಂದ ಮೊದಲೇ ಕೊಟ್ಟ ಹೆಣ್ಣುಮಕ್ಕಳನ್ನು ಯಾವ ಪಟ್ಟಿಯಲ್ಲಿ ಬರೆಯಬೇಕು? ಅಣ್ಣಂದಿರಿಗೆ ಹೊಸ ಊರು ಬಂತು. ಅಜ್ಜಿಗೆ ಹೋಗಿ ಬರುವ ತವರು ಮಾತ್ರ ಹುಲಿಯ ಪಾಲಾಯಿತು.

ಆಫ್ರಿಕಾಕ್ಕೆ ಮೊದಲು ಮುತ್ತೋಡಿಗೆ ಹೋಗೋಣ ಎಂದೆ. "ಅತ್ತೆ, ಅದು ಇಲ್ಲೇ ಇದೆಯಲ್ಲ, ಯಾವಾಗ ಬೇಕಾದರೂ ಹೋಗಬಹುದು" ಎಂದಳು ಸೊಸೆ. ಅಜ್ಜಿಯನ್ನೂ ಕರೆದುಕೊಂಡು ಒಂದು ಭಾನುವಾರ ಹೋದೆವು. ಗೇಟಿನಲ್ಲಿ ಚೀಟಿ ಹರಿಸಿ ಜೀಪು ಹತ್ತುವಾಗಲೇ, ಯಾರೂ ಕೆಳಗಿಳಿಯಬಾರದೆಂದು ಡ್ರೈವರ್ ಎರಡು ಸಲ ಹೇಳಿದ.

ತೇಗದ ಕಾಡು ಮುಗಿದು ಹಡ್ಲು ತೆರೆದುಕೊಂಡಿತು. ಹಿಂದೆ ಗದ್ದೆಯಾಗಿದ್ದ ಜಾಗ, ಈಗ ಎದೆಯೆತ್ತರದ ಹುಲ್ಲು. ಏಳೆಂಟು ಕಾಟಿಗಳು ಮೇಯುತ್ತಿದ್ದವು. ಸೊಸೆ ಉಸಿರು ಬಿಗಿಹಿಡಿದು ಕ್ಯಾಮೆರಾ ಎತ್ತಿದಳು. ಅಜ್ಜಿ ಕಾಟಿಯ ಕಡೆ ನೋಡಲೇ ಇಲ್ಲ. ಅವುಗಳ ಹಿಂದೆ, ದಿಬ್ಬದ ಮೇಲಿನ ಒಂದು ಹಲಸಿನ ಮರಕ್ಕೆ ಕಣ್ಣು ನೆಟ್ಟಿದ್ದರು.

"ನಮ್ಮ ಹಿತ್ತಲಿನ ಮರ," ಎಂದರು. ಸ್ವಲ್ಪ ಹೊತ್ತು ಬಿಟ್ಟು ಡ್ರೈವರನ್ನು ಕೇಳಿದರು: "ಈಗ್ಲೂ ಕಾಯಿ ಬಿಡುತ್ತೇನಪ್ಪಾ?"

"ಬಿಡುತ್ತಜ್ಜಿ. ಆನೆ ತಿಂತಾವೆ."

"ತಿನ್ಲಿ," ಎಂದು ಅಜ್ಜಿ ಸೆರಗು ಹೊದ್ದುಕೊಂಡರು. ಜೀಪು ತಿರುವು ದಾಟುವವರೆಗೂ ಅವರ ಮುಖ ಹಿಂದಕ್ಕೇ ತಿರುಗಿತ್ತು.