ದರ್ಜಿ ಹೆಂಗಸಿನ ಮಾತು ಸಾಬೀತಾಗೋಕೆ 98 ವರ್ಷ ಬೇಕಾಯ್ತು

ಇವತ್ತಿನ ಎಪಿಸೋಡ್‌ನಲ್ಲಿ ರಾಜರಿಲ್ಲ, ಯುದ್ಧ ಇಲ್ಲ. ಒಂದು ಕಾಯಿಲೆ ಇದೆ, ಕೆಲವು ಮನೆತನಗಳಿವೆ, ಅವರ ಮಾತನ್ನ ನಂಬಿದ ಒಬ್ಬ ಡಾಕ್ಟರ್ ಇದ್ದಾರೆ.

1895. ಅಮೆರಿಕದ ಮಿಶಿಗನ್ ರಾಜ್ಯದ ಆನ್ ಆರ್ಬರ್. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಆಲ್ಡ್ರೆಡ್ ವಾರ್ಥಿನ್ ಅನ್ನೋ ರೋಗಶಾಸ್ತ್ರಜ್ಞರಿದ್ರು. ಅವರಿಗೆ ಬಟ್ಟೆ ಹೊಲಿದುಕೊಡ್ತಿದ್ದ ಹೆಂಗಸು ಒಂದಿನ ತುಂಬಾ ಬೇಜಾರಲ್ಲಿದ್ರು. ಯಾಕಮ್ಮ ಅಂತ ಕೇಳಿದ್ರೆ, ತಾನು ಚಿಕ್ಕ ವಯಸ್ಸಲ್ಲೇ ಕ್ಯಾನ್ಸರ್ ಬಂದು ಸಾಯ್ತೀನಿ, ತಮ್ಮ ಮನೆಯವರೆಲ್ಲ ಹಾಗೇ ಹೋಗಿದ್ದಾರೆ ಅಂದ್ರು. ಆಗ ಆಕೆ ಆರೋಗ್ಯವಾಗೇ ಇದ್ರು. ಮುಂದೆ ಗರ್ಭಕೋಶದ ಕ್ಯಾನ್ಸರ್‌ನಿಂದಲೇ ತೀರಿಕೊಂಡ್ರು.

ವಾರ್ಥಿನ್ ಆ ಮನೆತನದ ಲೆಕ್ಕ ಬರೆದಿಟ್ಟು, 1913ರಲ್ಲಿ 'ಜಿ ಕುಟುಂಬ' ಅನ್ನೋ ಹೆಸರಲ್ಲಿ ಪ್ರಕಟಿಸಿದ್ರು. ಹೆಚ್ಚಿನವರು ಅದರ ಕಡೆ ತಿರುಗಿ ನೋಡಲಿಲ್ಲ.

ಅಲ್ಲಿಂದ ಸುಮಾರು ಅರ್ಧ ಶತಮಾನ ಮುಂದಕ್ಕೆ ಬನ್ನಿ. 1962, ನೆಬ್ರಾಸ್ಕಾ ರಾಜ್ಯದ ಒಮಾಹಾ. ಹೆನ್ರಿ ಲಿಂಚ್ ಆಗಿನ್ನೂ ತರಬೇತಿಯಲ್ಲಿದ್ದ ಡಾಕ್ಟರ್. ಈತ ಹದಿಹರೆಯದಲ್ಲಿ ವಯಸ್ಸಿನ ಬಗ್ಗೆ ಸುಳ್ಳು ಹೇಳಿ ನೌಕಾಪಡೆ ಸೇರಿದ್ದ, ಬಾಕ್ಸಿಂಗ್ ರಿಂಗ್‌ಗೂ ಇಳಿದಿದ್ದ ಆಸಾಮಿ. ಅವರ ಮುಂದೆ ವಿಪರೀತ ಕುಡಿದು ಆಸ್ಪತ್ರೆ ಸೇರಿದ್ದ ಒಬ್ಬ ರೋಗಿ. ಯಾಕಪ್ಪಾ ಇಷ್ಟು ಕುಡೀತೀಯ ಅಂದ್ರೆ, ನಮ್ಮ ಮನೇಲಿ ಎಲ್ಲರೂ ಕರುಳಿನ ಕ್ಯಾನ್ಸರ್‌ನಿಂದ ಸಾಯ್ತಾರೆ, ನಾನೂ ಅದರಿಂದಲೇ ಹೋಗ್ತೀನಿ ಅನ್ನೋದು ಅವನ ಉತ್ತರ.

ಲಿಂಚ್ ಇದನ್ನ ಕುಡುಕನ ಮಾತು ಅಂತ ತಳ್ಳಿಹಾಕಲಿಲ್ಲ. ಆನ್ ಕ್ರಶ್ ಅನ್ನೋ ಸಮಾಜ ಕಾರ್ಯಕರ್ತೆಯ ಜೊತೆ ಸೇರಿ ಆ ಕುಟುಂಬದ ವಂಶವೃಕ್ಷ ಬರೆದ್ರು. ಯಾರಿಗೆ, ಯಾವ ಅಂಗಕ್ಕೆ, ಯಾವ ವಯಸ್ಸಲ್ಲಿ? 1966ರಲ್ಲಿ ಇಂಥ ಎರಡು ಕುಟುಂಬಗಳ ವಿವರ ಪ್ರಕಟ ಆಯ್ತು. 1971ರಲ್ಲಿ ಇಬ್ಬರೂ ವಾರ್ಥಿನ್‌ರ ಹಳೇ 'ಜಿ ಕುಟುಂಬ'ವನ್ನೂ ಮತ್ತೆ ಹುಡುಕಿ ಬರೆದ್ರು.

ಆದ್ರೂ ಯಾರೂ ಸುಲಭವಾಗಿ ಒಪ್ಪಲಿಲ್ಲ. ಕ್ಯಾನ್ಸರ್ ಬರೋದು ಹೊಗೆಯಿಂದ, ರಾಸಾಯನಿಕದಿಂದ, ವೈರಸ್‌ನಿಂದ ಅನ್ನೋ ಕಾಲ ಅದು. ಒಂದೇ ಮನೆ, ಒಂದೇ ಊಟ, ಹಾಗಾಗಿ ಒಂದೇ ಕಾಯಿಲೆ ಅನ್ನೋ ವಾದ ಬೇರೆ. ಸರ್ಕಾರಿ ಅನುದಾನದ ಅರ್ಜಿಯೂ ತಿರಸ್ಕಾರ ಆಯ್ತು. ಆದ್ರೆ ವಂಶವೃಕ್ಷ ಬೇರೆಯದೇ ಕಥೆ ಹೇಳ್ತಿತ್ತು: ಸಾಮಾನ್ಯವಾಗಿ ಇಳಿವಯಸ್ಸಲ್ಲಿ ಬರೋ ಕಾಯಿಲೆ ಇವರಿಗೆ 45ರ ಆಸುಪಾಸಲ್ಲೇ ಬರ್ತಿತ್ತು, ತಂದೆ ಕಡೆಯಿಂದಲೂ ತಾಯಿ ಕಡೆಯಿಂದಲೂ ಇಳೀತಿತ್ತು.

ಉತ್ತರ ಸಿಕ್ಕಿದ್ದು 1993ರಲ್ಲಿ. ಎಂಎಸ್‌ಎಚ್2 ಅನ್ನೋ ಜೀನ್ ಪತ್ತೆ ಆಯ್ತು, ಮರುವರ್ಷ ಎಂಎಲ್‌ಎಚ್1. ನಾನು ಕಾಮರ್ಸ್ ಓದಿದವನು, ನನ್ನ ಭಾಷೇಲಿ ಹೇಳ್ತೀನಿ. ಜೀವಕೋಶ ಎರಡಾಗುವಾಗ ಡಿಎನ್‌ಎಯ ನಕಲು ಆಗುತ್ತೆ. ಕೋಟಿಗಟ್ಟಲೆ ಅಕ್ಷರ, ಅಲ್ಲಲ್ಲಿ ತಪ್ಪು ಬೀಳೋದು ಸಹಜ. ಅದನ್ನ ಹುಡುಕಿ ತಿದ್ದೋ ಆಡಿಟರ್‌ಗಳೇ ಈ ಜೀನ್‌ಗಳು ತಯಾರಿಸೋ ಪ್ರೋಟೀನ್‌ಗಳು. ಆಡಿಟರ್ ಇಲ್ಲದ ಲೆಡ್ಜರ್ ಏನಾಗುತ್ತೆ ಹೇಳಿ? ತಪ್ಪಿನ ಮೇಲೆ ತಪ್ಪು ಕೂಡುತ್ತೆ, ಒಂದು ದಿನ ಕ್ಯಾನ್ಸರ್ ಆಗುತ್ತೆ. ಇದನ್ನ ಈಗ 'ಲಿಂಚ್ ಸಿಂಡ್ರೋಮ್' ಅಂತಾರೆ. ದೊಡ್ಡ ಕರುಳಿನ ಕ್ಯಾನ್ಸರ್‌ಗಳಲ್ಲಿ ಸುಮಾರು ನೂರಕ್ಕೆ ಮೂರು ಇದರಿಂದ ಬರೋದು.

ದೋಷ ಇರೋ ಜೀನ್ ಮಗುವಿಗೆ ದಾಟೋ ಸಾಧ್ಯತೆ ಅರ್ಧಕ್ಕರ್ಧ. ಅಂದ್ರೆ ಮನೇಲಿ ಎಲ್ಲರಿಗೂ ಬಂದೇ ಬರುತ್ತೆ ಅಂತಲ್ಲ. ಬಂದವರಿಗೂ ದಾರಿ ಇದೆ. ಫಿನ್ಲೆಂಡ್‌ನಲ್ಲಿ ಇಂಥ ಕುಟುಂಬಗಳನ್ನ 15 ವರ್ಷ ಗಮನಿಸಿದ್ರು. ಮೂರು ವರ್ಷಕ್ಕೊಮ್ಮೆ ಕರುಳಿನ ಸ್ಕೋಪ್ ಪರೀಕ್ಷೆ ಮಾಡಿಸಿಕೊಂಡವರಲ್ಲಿ ಕರುಳಿನ ಕ್ಯಾನ್ಸರ್ 62 ಪರ್ಸೆಂಟ್ ಕಡಿಮೆ ಇತ್ತು. ಗಂಟು ಕ್ಯಾನ್ಸರ್ ಆಗೋಕೆ ಮುಂಚೆಯೇ ತೆಗೆದುಹಾಕಿದ್ದೇ ಇದಕ್ಕೆ ಕಾರಣ. ಒಮಾಹಾದ ಆ ರೋಗಿಗೆ ಈ ಮಾತು ಹೇಳೋಕೆ ಆಗ ಯಾರೂ ಇರಲಿಲ್ಲ.

ಲಿಂಚ್ 2019ರಲ್ಲಿ, 91ನೇ ವಯಸ್ಸಲ್ಲಿ ತೀರಿಕೊಂಡ್ರು. ಅವರ ಮೊದಲ ಉಪಕರಣ ಪೆನ್ನು, ಕಾಗದ ಮತ್ತು ಒಂದು ಪ್ರಶ್ನೆ. ಅದು ನಮ್ಮ ಕೈಲೂ ಇದೆ. ನಮ್ಮ ಮನೆಗಳಲ್ಲಿ 'ಅವರಿಗೇನೋ ಹೊಟ್ಟೆ ಕಾಯಿಲೆ ಇತ್ತು' ಅಂತ ಹೇಳಿ ಮಾತು ಮುಗಿಸ್ತಾರೆ. ಅಜ್ಜಿ ಹತ್ರ, ದೊಡ್ಡಮ್ಮನ ಹತ್ರ ಕೂತು ಕೇಳಿ: ಯಾವ ಕಾಯಿಲೆ, ಎಷ್ಟನೇ ವಯಸ್ಸಲ್ಲಿ? ಹತ್ತಿರದ ಮೂರು ಜನ, ಎರಡು ತಲೆಮಾರು, ಒಬ್ಬರಿಗಾದ್ರೂ 50ಕ್ಕಿಂತ ಮುಂಚೆ ಕರುಳಿನ ಕ್ಯಾನ್ಸರ್ ಬಂದಿತ್ತು ಅಂದ್ರೆ, ಆ ಚೀಟಿ ಹಿಡ್ಕೊಂಡು ಡಾಕ್ಟರ್ ಹತ್ರ ಹೋಗಿ.