ಹೃದಯನಾಳಗಳ ನೆರಳು ಹಿಡಿದ ಕಥೆ

ಸಿಡುಬನ್ನು ತಡೆಯಲು ದೇವಿ ಹಾಕುವ ಕ್ರಮವನ್ನು ಬಳಕೆಗೆ ತಂದ ಎಡ್ವರ್ಡ್ ಜೆನ್ನರನ ಹೆಸರನ್ನು ಕೇಳದವರು ಕಡಮೆ. ಅವನ ಬಾಳಿನ ಇನ್ನೊಂದು ಪ್ರಸಂಗ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಎದೆಶೂಲೆಯಿಂದ ಮಡಿದ ರೋಗಿಯೊಬ್ಬನ ಹೃದಯವನ್ನು ಅವನು ಕೊಯ್ದು ಪರೀಕ್ಷಿಸುತ್ತಿದ್ದಾಗ, ಕತ್ತಿ ಏನೋ ಗಟ್ಟಿಯಾದ, ಮರಳಿನಂಥ ವಸ್ತುವಿಗೆ ತಾಗಿ ಅದರ ಬಾಯಿ ಮುಕ್ಕಾಯಿತು. ಚಾವಣಿ ಹಳೆಯದು, ಗಾರೆ ಉದುರಿರಬೇಕೆಂದು ಜೆನ್ನರ್ ತಲೆಯೆತ್ತಿ ನೋಡಿದನಂತೆ. ಉದುರಿದ್ದು ಗಾರೆಯಲ್ಲ. ಹೃದಯದ ಮಾಂಸಕ್ಕೆ ರಕ್ತವನ್ನುಣಿಸುವ ನಾಳಗಳೇ ಎಲುಬಿನ ಕೊಳವೆಗಳಾಗಿ ಹೋಗಿದ್ದವು.

ಈ ನೋವನ್ನು ಒಂದು ಪ್ರತ್ಯೇಕ ರೋಗವೆಂದು ಗುರುತಿಸಿ ಹೆಸರಿಟ್ಟವನು ಲಂಡನ್ನಿನ ವಿಲಿಯಂ ಹೆಬರ್ಡೆನ್. 1768ರಲ್ಲಿ ಅಲ್ಲಿನ ವೈದ್ಯರ ಸಭೆಯಲ್ಲಿ ಅವನು ಓದಿದ ಲೇಖನ 1772ರಲ್ಲಿ ಅಚ್ಚಾಯಿತು. ನಡೆಯುವಾಗ, ಅದರಲ್ಲೂ ಏರು ಹತ್ತುವಾಗ, ಎದೆ ಹಿಸುಕಿದಂತಾಗುವುದು, ನಿಂತೊಡನೆ ಬಿಡುವುದು. ಈ ವರ್ಣನೆ ಇಂದಿಗೂ ಹಳತಾಗಿಲ್ಲ. ಅವನು ಆರಿಸಿಕೊಂಡ ಲ್ಯಾಟಿನ್ ಹೆಸರಿನ ಮೂಲದಲ್ಲಿ ಕತ್ತು ಹಿಸುಕುವ ಅರ್ಥವಿದೆ. ನಮ್ಮ ಮನೆಗಳಲ್ಲಿ ‘ಎದೆ ಹಿಡಿದುಕೊಂಡಿತು’ ಎನ್ನುತ್ತಾರಲ್ಲ, ಅದೂ ಇದೇ ಅನುಭವದ ಮಾತು. ಆದರೆ ರೋಗದ ಬೇರು ಎಲ್ಲಿದೆಯೆಂಬುದು ಹೆಬರ್ಡೆನ್ನನಿಗೆ ತಿಳಿಯಲಿಲ್ಲ. ಜೆನ್ನರನಿಗೆ ತಿಳಿಯಿತು, ತಿಳಿದೂ ಅವನು ಬಾಯಿಬಿಡಲಿಲ್ಲ. ಅವನ ಗುರು ಜಾನ್ ಹಂಟರನಿಗೂ ಅದೇ ನೋವಿತ್ತು. ಗುರುವಿನ ಮನಸ್ಸನ್ನು ನೋಯಿಸಲಾರದೆ ಶಿಷ್ಯ ಸುಮ್ಮನಿದ್ದ. 1793ರಲ್ಲಿ ಹಂಟರ್ ತೀರಿಕೊಂಡಾಗ ಶವಪರೀಕ್ಷೆಯಲ್ಲಿ ಕಂಡುಬಂದದ್ದು ಅವೇ ಗಟ್ಟಿಯಾದ ನಾಳಗಳು. ಜೆನ್ನರನ ಪತ್ರ ಬೆಳಕು ಕಂಡದ್ದು 1799ರಲ್ಲಿ, ಕ್ಯಾಲೆಬ್ ಪ್ಯಾರಿಯ ಪುಸ್ತಕದಲ್ಲಿ.

ಹೀಗೆ ಕಾರಣ ಗೊತ್ತಾದರೂ ಪ್ರಯೋಜನವೇನು? ನಾಳವನ್ನು ನೋಡಬೇಕಾದರೆ ರೋಗಿ ಸಾಯಬೇಕಾಗಿತ್ತು. ಒಂದೂವರೆ ಶತಮಾನ ಇದೇ ಸ್ಥಿತಿ. 1895ರಲ್ಲಿ ಬಂದ ಕ್ಷಕಿರಣ ಎಲುಬನ್ನು ತೋರಿಸಿತು. ರಕ್ತ ಮಾಂಸಗಳು ಅದರ ಮುಂದೆ ಒಂದೇ ಮಸುಕು. 1929ರಲ್ಲಿ ಜರ್ಮನಿಯ ತರುಣ ವೈದ್ಯ ವರ್ನರ್ ಫೋರ್ಸ್‌ಮನ್ ತನ್ನ ತೋಳಿನ ರಕ್ತನಾಳದೊಳಕ್ಕೆ ತಾನೇ ನಳಿಕೆಯೊಂದನ್ನು ತೂರಿಸಿ ಹೃದಯಕ್ಕೆ ಮುಟ್ಟಿಸಿ, ಆ ಸ್ಥಿತಿಯಲ್ಲೇ ಕ್ಷಕಿರಣದ ಕೋಣೆಗೆ ನಡೆದುಹೋಗಿ ಚಿತ್ರ ತೆಗೆಸಿಕೊಂಡ. ಈ ಹುಚ್ಚು ಸಾಹಸಕ್ಕೆ 1956ರ ನೊಬೆಲ್ ಬಹುಮಾನದಲ್ಲಿ ಪಾಲು ದೊರೆಯಿತು. ಆದರೂ ಹೃದಯನಾಳದ ಒಳಗೇ ದ್ರವ ಬಿಟ್ಟು ಚಿತ್ರ ತೆಗೆಯುವುದಕ್ಕೆ ವೈದ್ಯರು ಅಂಜುತ್ತಿದ್ದರು. ಹೃದಯ ನಿಂತೇಹೋದೀತೆಂಬ ಭಯ.

ಆ ಭಯ ಕಳೆದದ್ದು ಒಂದು ಕೈತಪ್ಪಿನಿಂದ. 1958ರ ಅಕ್ಟೋಬರ್ 30ರಂದು ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ಮೇಸನ್ ಸೋನ್ಸ್ ಎಂಬ ವೈದ್ಯ 26 ವರ್ಷದ ರೋಗಿಯೊಬ್ಬನ ಮಹಾಧಮನಿಗೆ ದ್ರವ ಬಿಡಲು ಹೊರಟಿದ್ದ. ನಳಿಕೆಯ ತುದಿ ಜಾರಿ ಬಲ ಹೃದಯನಾಳಕ್ಕೆ ಹೊಕ್ಕಿತು, ದ್ರವವೂ ಹರಿದುಬಿಟ್ಟಿತು. ರೋಗಿಯ ಹೃದಯ ಕೆಲವು ಕ್ಷಣ ನಿಂತಿತು. ಸೋನ್ಸ್ ‘ಕೆಮ್ಮು, ಕೆಮ್ಮು’ ಎಂದು ಕೂಗಿಕೊಂಡ. ಆತ ಕೆಮ್ಮಿದ, ಹೃದಯ ಮತ್ತೆ ಬಡಿಯತೊಡಗಿತು. ಬದುಕಿದ್ದವನ ಹೃದಯನಾಳ ತೆರೆಯ ಮೇಲೆ ಕೊಂಬೆ ಕೊಂಬೆಯಾಗಿ ಕಂಡಿತ್ತು. ಇಂದು ಪೇಟೆಯಲ್ಲೆಲ್ಲ ಆಂಜಿಯೋಗ್ರಾಂ ಎಂದು ಕರೆಸಿಕೊಳ್ಳುವ ಪರೀಕ್ಷೆ ಹುಟ್ಟಿದ್ದು ಹೀಗೆ. ಮುಂದೆ ಬಂದ ಪರೀಕ್ಷೆಗಳನ್ನೆಲ್ಲ ಅಳೆಯುವ ಕೋಲು ಇದೇ ಆಯಿತು.

ಸಿ.ಟಿ. ಯಂತ್ರದ ಜನ್ಮ ಬೇರೆ ಕಡೆ. ಗ್ರಾಮಾಫೋನು ತಟ್ಟೆಗಳ ಮೇಲಿನ ನಾಯಿಯ ಚಿತ್ರವನ್ನು ಹಿರಿಯ ಓದುಗರು ಮರೆತಿರಲಾರರು. ಆ ಮುದ್ರೆಯ ಒಡೆಯರಾದ ಇಂಗ್ಲೆಂಡಿನ ಇ.ಎಂ.ಐ. ಕಂಪನಿಯಲ್ಲಿ ಎಂಜಿನಿಯರಾಗಿದ್ದ ಗಾಡ್‌ಫ್ರಿ ಹೌನ್ಸ್‌ಫೀಲ್ಡನ ಯಂತ್ರ 1971ರ ಅಕ್ಟೋಬರ್ 1ರಂದು ಮೊದಲ ರೋಗಿಯ ಮೆದುಳನ್ನು ನೋಡಿತು. ಸೌತೆಕಾಯಿಯನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿದಂತೆ, ದೇಹವನ್ನು ಕೊಯ್ಯದೆಯೇ ಕೊಯ್ದು ತೋರಿಸುವ ಜಾಣ್ಮೆ ಅದರದು. ಒಂದೊಂದು ಬಿಲ್ಲೆಗೆ ನಾಲ್ಕೈದು ನಿಮಿಷ ಹಿಡಿಯುತ್ತಿತ್ತು. ತಲೆಯನ್ನು ಅಷ್ಟು ಹೊತ್ತು ಅಲುಗಿಸದೆ ಇಡಬಹುದು. ಹೃದಯವನ್ನು ಇಡುವುದು ಹೇಗೆ? ನಿಮಿಷಕ್ಕೆ ಎಪ್ಪತ್ತು ಸಲ ಅದು ಜಿಗಿಯುತ್ತದೆ. ಅದರ ಮೈಮೇಲಿನ ನಾಳಗಳ ಅಗಲವೋ, ಬುಡದಲ್ಲಿ ಮೂರು ನಾಲ್ಕು ಮಿಲಿಮೀಟರು. ಯಂತ್ರದ ವೇಗ ಇದಕ್ಕೆ ಎಟುಕಲು ಮೂರು ದಶಕಗಳೇ ಬೇಕಾದವು. 2004ರ ಹೊತ್ತಿಗೆ 64 ಸಾಲಿನ ಯಂತ್ರ ಬಂತು. ನಾಡಿಯನ್ನು ಮಾತ್ರೆಯಿಂದ ತುಸು ನಿಧಾನಗೊಳಿಸಿ, ಉಸಿರು ಹಿಡಿಸಿ, ತೋಳಿನ ರಕ್ತನಾಳದಿಂದ ದ್ರವ ಬಿಟ್ಟು, ಕೆಲವೇ ಸೆಕೆಂಡುಗಳಲ್ಲಿ ಹೃದಯನಾಳಗಳ ಚಿತ್ರ ತೆಗೆಯುವುದು ಸಾಧ್ಯವಾಯಿತು.

ನಮ್ಮ ಕಾಲೇಜಿನ ಹಿರಿಯ ಸಹೋದ್ಯೋಗಿಯೊಬ್ಬರು ಈಚೆಗೆ ಈ ಪರೀಕ್ಷೆ ಮಾಡಿಸಿಕೊಂಡು ಬಂದರು. “ಏನೂ ಇಲ್ಲ ಅಂದರು ಕಣ್ರೀ. ಎಷ್ಟರಮಟ್ಟಿಗೆ ನಂಬೋದು?” ಎಂದು ನನ್ನನ್ನು ಕೇಳಿದರು. ಕನ್ನಡ ಮೇಷ್ಟರು ಇದಕ್ಕೆ ಉತ್ತರ ಹೇಳುವುದು ಅಧಿಕಪ್ರಸಂಗವೇ ಸರಿ. ಆದರೆ ಉತ್ತರದ ಜಾಡು ಚರಿತ್ರೆಯಲ್ಲಿದೆ.

2008ರಲ್ಲಿ ಎರಡು ದೊಡ್ಡ ಅಧ್ಯಯನಗಳು ಪ್ರಕಟವಾದವು. ಎರಡರಲ್ಲೂ 64 ಸಾಲಿನ ಯಂತ್ರ, ಎರಡರಲ್ಲೂ ಸಿ.ಟಿ. ಹೇಳಿದ್ದನ್ನು ಸೋನ್ಸನ ಪದ್ಧತಿಯಿಂದ ಒರೆಗೆ ಹಚ್ಚಿದರು. ನಾಳ ಅರ್ಧದಷ್ಟಾದರೂ ಕಿರಿದಾಗಿದ್ದರೆ ರೋಗ ಉಂಟೆಂದು ಲೆಕ್ಕ. ಅಮೆರಿಕದಲ್ಲಿ 230 ಜನರನ್ನು ನೋಡಿದ ಮೊದಲನೆಯದರಲ್ಲಿ, ರೋಗವಿದ್ದ ನೂರರಲ್ಲಿ 95 ಮಂದಿಯನ್ನು ಸಿ.ಟಿ. ಹಿಡಿಯಿತು. ಅದು ‘ಇಲ್ಲ’ ಎಂದರೆ ನೂರಕ್ಕೆ 99 ಸಲ ನಿಜ; ‘ಉಂಟು’ ಎಂದರೆ 64 ಸಲ ಮಾತ್ರ ನಿಜ. ಏಳು ದೇಶಗಳ 291 ಜನರನ್ನು ನೋಡಿದ ಎರಡನೆಯದರಲ್ಲಿ ಲೆಕ್ಕ ತಿರುಗಿತು: ಹಿಡಿದದ್ದು 85, ‘ಉಂಟು’ ನಿಜವಾದದ್ದು 91 ಸಲ, ‘ಇಲ್ಲ’ ನಿಜವಾದದ್ದು 83 ಸಲ.

ಒಂದೇ ಬಗೆಯ ಯಂತ್ರ ಎರಡು ನಾಲಗೆಯಲ್ಲಿ ಮಾತಾಡಿದ್ದೇಕೆ? ಬಹುಪಾಲು ಕಾರಣ ಯಂತ್ರದ ಮೇಲೆ ಮಲಗಿದ ಜನ. ಮೊದಲನೆಯ ಗುಂಪಿನಲ್ಲಿ ರೋಗವಿದ್ದವರು ಕಾಲುಭಾಗ. ಎರಡನೆಯದರಲ್ಲಿ ಅರ್ಧಕ್ಕಿಂತ ಹೆಚ್ಚು. ಕಳ್ಳರು ವಿರಳವಾದ ಊರಿನಲ್ಲಿ ‘ಇವನು ಕಳ್ಳನಲ್ಲ’ ಎನ್ನುವ ಕಾವಲುಗಾರನ ಮಾತು ಸುಳ್ಳಾಗುವುದು ಅಪರೂಪ. ‘ಇವನೇ ಕಳ್ಳ’ ಎಂದು ಅವನು ಕೈ ತೋರಿದಾಗಲೇ ಎಚ್ಚರ ಬೇಕು. ಕಳ್ಳರೇ ತುಂಬಿದ ಊರಿನಲ್ಲಿ ಇದರ ತಿರುಗುಮುರುಗು. ಇಷ್ಟು ಸರಳವಾದದ್ದನ್ನು ಪರೀಕ್ಷಾಲಯಗಳ ಜಾಹೀರಾತುಗಳು ಹೇಳುವುದನ್ನು ನಾನಂತೂ ಕಂಡಿಲ್ಲ.

ಇನ್ನೊಂದು ತೊಡಕು ಜೆನ್ನರನ ಕತ್ತಿಯನ್ನು ಮುಕ್ಕು ಮಾಡಿದ ಆ ಸುಣ್ಣದ್ದು. ಕ್ಷಕಿರಣಕ್ಕೆ ಅದು ಥಳಥಳಿಸಿ, ತನ್ನ ಗಾತ್ರವನ್ನು ಮೀರಿ ಹರಡಿಕೊಂಡು ಕಾಣುತ್ತದೆ. ದಾರಿ ಇರುವುದಕ್ಕಿಂತ ಇಕ್ಕಟ್ಟಾಗಿ ತೋರುತ್ತದೆ. ಸುಳ್ಳು ‘ಉಂಟು’ಗಳಲ್ಲಿ ಎಷ್ಟೋ ಇದರ ಕೂಸು. ಸುಣ್ಣ ಅತಿಯಾದವರನ್ನು ಎರಡನೆಯ ಅಧ್ಯಯನದ ಲೆಕ್ಕದಿಂದ ಹೊರಗಿಟ್ಟಿದ್ದರೆಂಬುದನ್ನೂ ಮರೆಯಬಾರದು.

ಇನ್ನು, ಅಳೆಯುವ ಕೋಲೇ ನೆಟ್ಟಗಿತ್ತೆ? 1987ರಲ್ಲಿ ಷಿಕಾಗೋದ ಸೀಮೋರ್ ಗ್ಲಾಗೋವ್ ಮತ್ತು ಸಂಗಡಿಗರು ಶವಗಳ ಹೃದಯನಾಳಗಳನ್ನು ಅಳೆದು ವಿಚಿತ್ರವೊಂದನ್ನು ತೋರಿಸಿದರು. ಕೊಬ್ಬು ಕಟ್ಟುತ್ತ ಬಂದಂತೆ ನಾಳದ ಗೋಡೆ ಮೊದಲು ಹೊರಕ್ಕೆ ಉಬ್ಬಿಕೊಳ್ಳುತ್ತದೆ. ನೂರಕ್ಕೆ ನಲವತ್ತರಷ್ಟು ಜಾಗ ತುಂಬುವವರೆಗೂ ಒಳದಾರಿ ಕಿರಿದಾಗದಿರಬಹುದು. ಸೋನ್ಸನ ಚಿತ್ರ ರಕ್ತ ಹರಿವ ದಾರಿಯ ನೆರಳು. ಗೋಡೆ ಅದಕ್ಕೆ ಕಾಣದು. ಸಿ.ಟಿ. ಗೋಡೆಯನ್ನೂ ಕಾಣುತ್ತದೆ. ಸುಳ್ಳೆಂದು ಎಣಿಸಿದ ‘ಉಂಟು’ಗಳಲ್ಲಿ ಕೆಲವಕ್ಕೆ ರೋಗ ಇದ್ದೇ ಇರಬಹುದು, ದಾರಿ ಅರ್ಧ ಮುಚ್ಚಿರಲಿಲ್ಲ ಅಷ್ಟೆ. ಹಾಗೆಯೇ ‘ಇಲ್ಲ’ದ ಒಳಗೂ ಎರಡು ಅರ್ಥಗಳಿವೆ. ನನ್ನ ಸಹೋದ್ಯೋಗಿಗೆ, “ಅವರು ‘ಏನೂ ಇಲ್ಲ’ ಅಂದರೋ ‘ಅಡ್ಡಿ ಇಲ್ಲ’ ಅಂದರೋ, ಕೇಳಿ ನೋಡಿ ಸಾರ್” ಎಂದೆ. ಅವರು ವರದಿ ಬಿಚ್ಚಿ ಓದಿದರು. ಒಂದು ನಾಳದ ಗೋಡೆಯಲ್ಲಿ ಅಲ್ಪ ಸುಣ್ಣ, ದಾರಿಗೆ ಅಡ್ಡಿಯಿಲ್ಲವೆಂದು ಬರೆದಿತ್ತು.

ಈ ಭೇದ ಬರಿಯ ಶಬ್ದದ ಜಗಳವಲ್ಲ. ಸ್ಕಾಟ್ಲೆಂಡಿನಲ್ಲಿ ಎದೆನೋವೆಂದು ಬಂದ 4146 ಜನರಲ್ಲಿ ಅರ್ಧ ಮಂದಿಗೆ ರೂಢಿಯ ಪರೀಕ್ಷೆಗಳ ಜೊತೆಗೆ ಸಿ.ಟಿ.ಯನ್ನೂ ಮಾಡಿಸಿದರು, ಮಿಕ್ಕವರಿಗೆ ರೂಢಿಯವಷ್ಟೆ. 2018ರಲ್ಲಿ ಐದು ವರ್ಷದ ಫಲ ಪ್ರಕಟವಾಯಿತು. ಹೃದಯಾಘಾತಕ್ಕೋ ಹೃದಯನಾಳದ ರೋಗದ ಸಾವಿಗೋ ಈಡಾದವರು ಸಿ.ಟಿ. ಗುಂಪಿನಲ್ಲಿ ನೂರಕ್ಕೆ 2.3, ಇನ್ನೊಂದರಲ್ಲಿ 3.9. ಶಸ್ತ್ರಕ್ರಿಯೆ, ಸ್ಟೆಂಟುಗಳ ಲೆಕ್ಕದಲ್ಲಿ ಐದು ವರ್ಷಕ್ಕೆ ಹೆಚ್ಚಿನ ಅಂತರವಿರಲಿಲ್ಲ. ಗೋಡೆಯ ಕೊಬ್ಬು ಕಣ್ಣಿಗೆ ಬಿದ್ದವರಿಗೆ ವೈದ್ಯರು ತಡೆಯುವ ಮಾತ್ರೆಗಳನ್ನು ಹೆಚ್ಚಾಗಿ ಬರೆದುಕೊಟ್ಟಿದ್ದರು. 2022ರಲ್ಲಿ ಯೂರೋಪಿನ 26 ಆಸ್ಪತ್ರೆಗಳ 3561 ರೋಗಿಗಳ ಅಧ್ಯಯನ ಬಂತು. ಮೊದಲಿಗೆ ನಳಿಕೆ ತೂರಿಸಿಕೊಂಡವರಲ್ಲಿ ಚಿಕಿತ್ಸಾಕ್ರಮದಿಂದಲೇ ದೊಡ್ಡ ತೊಂದರೆಯಾದದ್ದು ನೂರಕ್ಕೆ 1.9 ಮಂದಿಗೆ, ಸಿ.ಟಿ.ಯಿಂದ ಮೊದಲಿಟ್ಟವರಲ್ಲಿ 0.5. ಈ ನಡುವೆ, 2021ರಲ್ಲಿ, ಕ್ಷಕಿರಣದ ಕಣಗಳನ್ನು ಒಂದೊಂದಾಗಿ ಎಣಿಸುವ ಹೊಸ ಯಂತ್ರಕ್ಕೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಸುಣ್ಣದ ಥಳಥಳಿಕೆ ಅದರಲ್ಲಿ ಕಡಮೆ, ಇಲ್ಲವಾಗಿಲ್ಲ.